ಗುಂಡು ಎಣಿಸುವ ಮೊದಲು

ಪ್ರೀತಿಯ ಪುಟ್ಟಿ,

ಪಿಎಚ್‌ಡಿಗೆ ಸ್ತನ ಕ್ಯಾನ್ಸರ್‌ನ ಕಾಂಡಕೋಶಗಳನ್ನೇ, ಅಂದರೆ ಹೊಸ ಗೆಡ್ಡೆ ಹುಟ್ಟಿಸಬಲ್ಲ ಕೋಶಗಳನ್ನೇ, ಆರಿಸಿಕೊಂಡಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಇದೇ ಕೆಲಸದಲ್ಲಿ ತಲೆ ನರೆತವಳು ನಾನು. ಒಂದೆರಡು ಮಾತು ಹೇಳದೆ ಇರಲಾರೆ.

2003ರ ಪ್ರಯೋಗ ನಿನಗೆ ಗೊತ್ತೇ ಇದೆ. ಕೋಶದ ಮೈಮೇಲಿನ ಗುರುತಿನ ಪ್ರೋಟೀನುಗಳಲ್ಲಿ ಸಿಡಿ44 ಇದ್ದು ಸಿಡಿ24 ಇಲ್ಲದ, ಇಲ್ಲವೇ ತೀರಾ ಕಡಿಮೆ ಇದ್ದ ಕೋಶಗಳನ್ನು ಗೆಡ್ಡೆಯಿಂದ ಆರಿಸಿ ಇಲಿಗೆ ಹಾಕಿದರು. ಬರೀ 100 ಕೋಶಕ್ಕೆ ಹೊಸ ಗೆಡ್ಡೆ ಎದ್ದಿತು. ಬೇರೆ ಗುರುತಿನವನ್ನು ಹತ್ತಾರು ಸಾವಿರ ಹಾಕಿದರೂ ಏಳಲಿಲ್ಲ. ಆದರೆ ಆ ಗುರುತನ್ನು ಹುಟ್ಟುಮಚ್ಚೆ ಅಂದುಕೊಳ್ಳಬೇಡ. ಸಾಮಾನ್ಯ ಕ್ಯಾನ್ಸರ್ ಕೋಶವೂ ಕಾಂಡಕೋಶದ ಗುಣಕ್ಕೆ ತಿರುಗಬಲ್ಲದು. ತಿರುಗಿಸುವುದು ಬಹಳ ಸಲ ಸುತ್ತಲಿನ ಕೋಶಗಳೇ. ಅವು ಬಿಡುವ ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ಪ್ರೋಟೀನು, ಕ್ಯಾನ್ಸರ್ ಕೋಶದೊಳಗೆ ಜೀನ್‌ಗಳನ್ನು ಚಾಲೂ ಮಾಡುವ ಸ್ಟಾಟ್3 ಅನ್ನು ಎಬ್ಬಿಸುತ್ತದೆ.

ಸುತ್ತಲಿನ ಕೋಶಗಳ ಮಾತು ಮುಟ್ಟುವ ಇನ್ನೊಂದು ದಾರಿ, ನಾಚ್ ನೋಡು. ಅದು ಕೋಶದ ಪೊರೆಯಲ್ಲಿ ಕೂತು ಸಂದೇಶ ಹಿಡಿಯುವ ಪ್ರೋಟೀನು. ಪಕ್ಕದ ಕೋಶದ ಮೈಮೇಲಿನ ಜ್ಯಾಗ್ಡ್ ಎಂಬ ಪ್ರೋಟೀನು ಬಂದು ನಾಚ್ ಹಿಡಿದು ಎಳೆಯುತ್ತದೆ. ಆ ಎಳೆತಕ್ಕೆ ನಾಚ್ ಬಿಚ್ಚಿಕೊಳ್ಳುತ್ತದೆ. ಮೊದಲು ಹೊರಗಡೆ ಒಂದು ಕತ್ತರಿ ಬೀಳುತ್ತದೆ, ಆಮೇಲೆ ಪೊರೆಯೊಳಗೆ ಗಾಮಾ ಸೀಕ್ರಿಟೇಸ್ ಎಂಬ ಕಿಣ್ವ ಕತ್ತರಿಸುತ್ತದೆ. ಉಳಿದ ತುಂಡು ನೇರ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಮುಟ್ಟದೆ ಇಲ್ಲಿ ಮಾತೇ ಇಲ್ಲ. ಎಷ್ಟು ಚೆಂದ, ಅಲ್ವಾ?

ಗಾಮಾ ಸೀಕ್ರಿಟೇಸ್ ಎಂಬ ಆ ಕತ್ತರಿಯನ್ನು ಔಷಧಿಯಿಂದ ಹಿಡಿದು ನಿಲ್ಲಿಸಿದರೆ ಸಾಕು ಅಂತ ನಾವೂ ನಂಬಿದ್ದೆವು. ಆದರೆ ಕರುಳಿನ ಒಳಪದರ ದಿನಾ ಹೊಸದಾಗುವುದಕ್ಕೂ ನಾಚ್ ಬೇಕು. ಆ ಔಷಧಿ ತೆಗೆದುಕೊಂಡವರಿಗೆ ಭೇದಿ ಹತ್ತಿತು. ವಿಂಟ್, ಹೆಡ್ಜ್‌ಹಾಗ್ ಎಂಬ ಬೇರೆ ಸಂದೇಶದ ದಾರಿಗಳೂ ಹಾಗೇ, ಆರೋಗ್ಯವಂತ ದೇಹಕ್ಕೂ ಬೇಕಾದವು. ಒಂದನ್ನು ಮುಚ್ಚಿದರೆ ಕೋಶ ಇನ್ನೊಂದನ್ನು ಹಿಡಿಯಬಹುದು. ಅದಕ್ಕೇ ಔಷಧಿ ಪರೀಕ್ಷಿಸುವಾಗ ಪಕ್ಕದಲ್ಲೇ ಆರೋಗ್ಯವಂತ ಕೋಶಗಳನ್ನೂ ಇಡು. ಇದನ್ನು ಮಾತ್ರ ಬಿಡಬೇಡ.

ನನ್ನದೊಂದು ತಪ್ಪು ಹೇಳುತ್ತೇನೆ. ಕಾಂಡಕೋಶ ಎಷ್ಟಿವೆ ಅಂತ ಎಣಿಸಲು, ಒಂದೊಂದೂ ಒಂದೇ ಕೋಶದಿಂದ ಬೆಳೆಯಬೇಕಾದ ತೇಲುವ ಕೋಶಗುಂಡುಗಳನ್ನು ಬೆಳೆಸುವಾಗ ತಟ್ಟೆಗೆ ಕೋಶ ಜಾಸ್ತಿ ಹಾಕಿದ್ದೆ. ವಾರ ಕಳೆದು ನೋಡಿದರೆ ದುಂಡು ದುಂಡು ಗುಂಡುಗಳು. ಕಾಂಡಕೋಶ ಹೆಚ್ಚಿವೆ ಅಂತ ಬರೆದೂ ಬಿಟ್ಟೆ. ನಿಜಕ್ಕೂ ಅವು ಒಂದು ಕೋಶದಿಂದ ಬೆಳೆದವಲ್ಲ, ಸುಮ್ನೆ ಒಂದಕ್ಕೊಂದು ಅಂಟಿಕೊಂಡಿದ್ದವು. ತಿಂಗಳುಗಳ ಕೆಲಸ ಹೋಯಿತು. ಆವತ್ತು ಅತ್ತಿದ್ದೆ.

ನೀನು ತೆಳ್ಳಗೆ ಹಾಕು. ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೇ ಕೋಶ ಹಾಕಿಯೂ ನೋಡು. ಮೊದಲ ದಿನವೇ ಫೋಟೋ ತೆಗೆದು ನನಗೂ ಕಳಿಸು.

ನಿನ್ನ,
ದೊಡ್ಡಮ್ಮ