ಮಗ್ಗಿ ಹೇಳುತ್ತಾ ಓಡುವಷ್ಟು ನಿಧಾನ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. "ಅಮ್ಮಾ, ಓಟ ನನ್ನ ಕೈಲಾಗೋ ಕೆಲಸ ಅಲ್ಲ, ಬಿಟ್ಟುಬಿಟ್ಟೆ" ಅಂದೆ. ಓಡಿದ್ದು ಎರಡೇ ವಾರ. ಎರಡು ನಿಮಿಷಕ್ಕೆ ಎದೆ ಉರಿ, ಮೊಣಕಾಲಿನ ಕೆಳಗಿನ ಉದ್ದ ಮೂಳೆ ನೋವು, ಪಕ್ಕದಲ್ಲಿ ಓಡುವವರೆಲ್ಲ ಆರಾಮಾಗಿ ಹೋಗ್ತಾರೆ ಅಂತ ಬೇಜಾರು ಮಾಡಿಕೊಂಡೆ. ನಾನು "ಇರಲಿ ಬಿಡು, ರೆಸ್ಟ್ ತಗೋ" ಅಂದು ಸುಮ್ಮನಾದೆ. ಅಷ್ಟಕ್ಕೇ ಬಿಡಬಾರದಿತ್ತು. ಅದಕ್ಕೇ ಈ ಪತ್ರ.

ನೀನು ಹೇಳಿದ್ದೆಲ್ಲ ಮೂರು ವರ್ಷದ ಹಿಂದೆ ನನಗೂ ಆಗಿತ್ತು. ಆಗ ನನಗೆ 51. ನಿನಗೆ ಗೊತ್ತಿರುವುದು ನಾನು ಎರಡನೇ ಸಲ ಶುರು ಮಾಡಿದ್ದು. ಮೊದಲನೇ ಸಲದ ಓಟ ಹತ್ತೇ ದಿನಕ್ಕೆ ನಿಂತುಹೋಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಯೋಚಿಸಿ ನೋಡು, ಓಡುವುದು ಹೇಗೆ ಅಂತ ನಮಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಶಾಲೆಯ ಮೈದಾನದಲ್ಲಿ ಒಂದು ಸುಣ್ಣದ ಗೆರೆ. ಸೀಟಿ ಊದುತ್ತಾರೆ. ಉಸಿರು ಬಿಗಿಹಿಡಿದು ಓಡುತ್ತೇವೆ. ನೂರು ಮೀಟರಿಗೆ ಮುಗಿಯಿತು. ಮೂರನೇ ಕ್ಲಾಸಿನಲ್ಲಿ ನೀನು ಓಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬರಿಗಾಲಲ್ಲೇ ಓಡ್ತೀನಿ ಅಂತ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟೆ. ಎಡಗಾಲಿನದರ ಪಟ್ಟಿ ಕಿತ್ತಿತ್ತು, ಪಿನ್ ಹಾಕಿದ್ದೆವು. ಆ ಚಪ್ಪಲಿ ಹಿಡಿದುಕೊಂಡು ನಾನು ಗೆರೆಯ ಪಕ್ಕ ನಿಂತಿದ್ದೆ. ನೀನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕಣ್ಣು ಮುಚ್ಚಿಕೊಂಡೇ ಓಡಿದೆ.

ನನಗೂ ಗೊತ್ತಿದ್ದದ್ದು ಆ ಒಂದೇ ಓಟ. 51ನೇ ವಯಸ್ಸಿನಲ್ಲಿ ನಾನೂ ಹಾಗೇ ಓಡಿದೆ, ಯಾರೋ ಸೀಟಿ ಊದಿದ ಹಾಗೆ. ಒಂದೂವರೆ ನಿಮಿಷಕ್ಕೆ ಮಂಡಿಯ ಮೇಲೆ ಕೈಯೂರಿ ನಿಂತೆ. ಬಾಯಲ್ಲಿ ಕಬ್ಬಿಣದ ರುಚಿ ಬಂತು. ಮರುದಿನ ಹಠ ಹಿಡಿದು ಮತ್ತೆ ಓಡಿದೆ. ಅದರ ಮರುದಿನವೂ ಓಡಿದೆ. ಹತ್ತನೇ ದಿನ ಮೆಟ್ಟಿಲು ಇಳಿಯುವಾಗ ಬಲಗಾಲಿನ ಆ ಮೂಳೆಯ ಒಳಬದಿ ಎಷ್ಟು ನೋಯಿತೆಂದರೆ, ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಎರಡು ತಿಂಗಳು ಓಟದ ಹೆಸರೆತ್ತಲಿಲ್ಲ.

ಆ ನೋವು ಯಾಕೆ ಬರುತ್ತದೆ ಅಂತ ಮೊದಲೇ ತಿಳಿದಿದ್ದರೆ ನಾನು ಹಾಗೆ ಓಡುತ್ತಿರಲಿಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಹೃದಯ, ಶ್ವಾಸಕೋಶ, ಮಾಂಸಖಂಡ ಇದಕ್ಕೆ ಬೇಗ ಹೊಂದಿಕೊಳ್ಳುತ್ತವೆ. ಕೆಲವೇ ವಾರದಲ್ಲಿ ಅವು ಇನ್ನೂ ಓಡೋಣ ಅನ್ನುತ್ತವೆ. ಮೂಳೆ ಹಾಗಲ್ಲ. ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ನಾರೂ ಹಾಗಲ್ಲ. ಅವಕ್ಕೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಅಲ್ಲಲ್ಲಿ ಕೆರೆದು ತೆಗೆಯುತ್ತದೆ. ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕೆರೆದದ್ದಾಗಿ ಹೊಸದು ಇನ್ನೂ ಗಟ್ಟಿಯಾಗದ ದಿನಗಳಲ್ಲಿ ಮೂಳೆ ಮೊದಲಿಗಿಂತ ಮೆತ್ತಗಿರುತ್ತದೆ. ರಿಪೇರಿಗೆ ಅಂತ ಗೋಡೆ ಒಡೆದ ಮನೆಯ ಹಾಗೆ. ಅಂಥ ಹೊತ್ತಿನಲ್ಲೇ ನಾವು ದಿನಾ ಹೋಗಿ ಗುದ್ದುತ್ತೇವೆ.

ಈಗ ಒಂದು ಕೆಲಸ ಮಾಡು. ಕುರ್ಚಿಯ ಮೇಲೆ ಕೂತು ಆ ಮೂಳೆಯ ಒಳಬದಿಯನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಬಾ. ನೋವು ಒಂದು ಗೇಣಿನಷ್ಟು ಉದ್ದಕ್ಕೂ ಹರಡಿದ್ದರೆ ಅದು ಹೊಸದಾಗಿ ಓಡುವ ಎಷ್ಟೋ ಜನರಿಗೆ ಬರುವಂಥದ್ದು. ಓಟ ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿ ನೋವಿಲ್ಲದಷ್ಟು ಮಾತ್ರ ನಡೆದಾಡಿಕೊಂಡಿದ್ದರೆ ಕೆಲವು ವಾರಕ್ಕೆ ಇಳಿಯುತ್ತದೆ. ಆದರೆ ಒಂದೇ ಚುಕ್ಕೆಯಂಥ ಜಾಗದಲ್ಲಿ ಚುಚ್ಚಿದ ಹಾಗೆ ನೋವಾದರೆ, ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಸುಮ್ನೆ ಇರಬೇಡ. ಮೂಳೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಡಾಕ್ಟರ ಹತ್ತಿರ ಹೋಗು. ಈ ಪತ್ರ ಓದಿ ಮುಗಿಸುವ ಮೊದಲೇ ಒತ್ತಿ ನೋಡು ಅಂತ ಕೇಳಿಕೊಳ್ಳುತ್ತೇನೆ.

ನಾನು ಮತ್ತೆ ಓಡಲು ಶುರು ಮಾಡಿದ್ದು ಒಬ್ಬ ಮಗನ ದೆಸೆಯಿಂದ. ಅಮೆರಿಕದ ಜೋಶ್ ಕ್ಲಾರ್ಕ್ ಎಂಬ ಹುಡುಗ. 1996ರಲ್ಲಿ, ನೀನು ಅಂಬೆಗಾಲಿಡುತ್ತಿದ್ದ ಕಾಲಕ್ಕೆ, ಯಾವತ್ತೂ ಓಡದ ತನ್ನ ಅಮ್ಮನೂ ಓಡುವಂತಾಗಲಿ ಅಂತ ಅವನು ಒಂಬತ್ತು ವಾರದ ಪಟ್ಟಿಯೊಂದನ್ನು ಬರೆದ. ಕೌಚ್ ಟು ಫೈವ್ ಕೆ, ಅಂದರೆ ಸೋಫಾದಿಂದ ಐದು ಕಿಲೋಮೀಟರ್ ಓಟದವರೆಗೆ, ಅಂತ ಅದರ ಹೆಸರು. ಈಗ ಲೋಕದಲ್ಲೆಲ್ಲ ಜನ ಅದನ್ನೇ ಹಿಡಿದು ಓಟ ಕಲಿಯುತ್ತಾರೆ. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆಯಬೇಕು. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ಅಷ್ಟೇ.

ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತು. ಆದರೆ ಆ 90 ಸೆಕೆಂಡಿನ ನಡಿಗೆಯೇ ಈ ಪಟ್ಟಿಯ ಜೀವ. ಉಸಿರು ಅಲ್ಲಿ ತಿರುಗಿ ಸಿಗುತ್ತದೆ. ಮಧ್ಯೆ ಬರುವ ಓಟವಿಲ್ಲದ ದಿನವೂ ಸೋಮಾರಿತನದ್ದಲ್ಲ. ಮೂಳೆಗೆ ಸುಧಾರಿಸಿಕೊಳ್ಳಲು ಬಿಡುವು ಸಿಗುವುದು ಆವತ್ತೇ.

ಪಟ್ಟಿ ಸಿಕ್ಕರೂ ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. 60 ಸೆಕೆಂಡನ್ನೂ ನಾನು ಸೀಟಿ ಊದಿದ ಹಾಗೇ ಓಡುತ್ತಿದ್ದೆ. ಎಷ್ಟು ನಿಧಾನ ಓಡಬೇಕು ಅನ್ನುವುದಕ್ಕೆ ಓಟಗಾರರಲ್ಲಿ ಒಂದು ಅಳತೆಯಿದೆ. ಓಡುತ್ತಲೇ ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಲು ಆಗಬೇಕು. ಮಾತು ತುಂಡಾದರೆ ಜೋರಾಯಿತು ಅಂತ ಅರ್ಥ. ನಾನು ಒಬ್ಬಳೇ ಓಡುವವಳು, ಯಾರ ಹತ್ತಿರ ಮಾತಾಡಲಿ? ಮಗ್ಗಿ ಹೇಳಲು ಶುರು ಮಾಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಮೊದಲ ದಿನ ಮೂವತ್ತೊಂಬತ್ತಕ್ಕೇ ಉಸಿರು ಕಟ್ಟಿತು. ಹೆಜ್ಜೆ ಚಿಕ್ಕದು ಮಾಡಿದೆ. ಕಾಲನ್ನು ಮುಂದಕ್ಕೆ ಚಾಚದೆ ಮೈಯ ಕೆಳಗೇ ಇಟ್ಟೆ. ಇನ್ನೂ ನಿಧಾನ ಮಾಡಿದೆ. ಪಕ್ಕದಲ್ಲಿ ಒಬ್ಬರು ಬಿರುಸಾಗಿ ನಡೆದುಕೊಂಡು ಬಂದು ನನ್ನನ್ನು ದಾಟಿ ಮುಂದೆ ಹೋದರು. ಹೋಗಲಿ ಅಂದುಕೊಂಡೆ. ಆವತ್ತು ಹದಿಮೂರು ಹತ್ತಲವರೆಗೆ ತಡವರಿಸದೆ ಹೇಳಿದೆ ಪುಟ್ಟಿ. ಓಡುತ್ತಿದ್ದೆ, ಮಾತೂ ಬರುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತವೆ ಅಂತ ಐವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೀಗೆ ನಿಧಾನ ಓಡಿದರೆ ಉಪಯೋಗ ಏನು ಅಂತ ಕೇಳಬಹುದು. ದೇಹದ ಒಳಗಿನ ಕಟ್ಟೋಣವೆಲ್ಲ ಇಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಮಾಂಸಖಂಡದೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ದೊಡ್ಡ ದೊಡ್ಡ ಓಟಗಾರರು ಕೂಡ ತಮ್ಮ ಅಭ್ಯಾಸದ ಬಹುಪಾಲನ್ನು ಹಗುರಾಗಿ, ಮಾತಾಡಿಕೊಂಡೇ ಓಡುತ್ತಾರೆ.

ನಿನಗೆ ಬೌವರ್‌ಮನ್ ಕತೆ ಹೇಳಬೇಕು. ಬಿಲ್ ಬೌವರ್‌ಮನ್ ಅಮೆರಿಕದಲ್ಲಿ ಹೆಸರುವಾಸಿ ಓಟದ ಕೋಚ್. 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಹೋದರು. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಕೋಚ್ ಸಾಮಾನ್ಯ ಜನರನ್ನು, ಹೃದಯದ ತೊಂದರೆ ಇದ್ದವರನ್ನೂ ಸೇರಿಸಿ, ನಿಧಾನವಾಗಿ ಓಡಿಸುತ್ತಿದ್ದರು. ಬೌವರ್‌ಮನ್ ಕೂಡ ಆ ಗುಂಪಿನ ಜೊತೆ ಓಡಲು ಹೊರಟರು. ಸ್ವಲ್ಪ ದೂರಕ್ಕೇ ಏದುಸಿರು ಬಂತು, ಹಿಂದೆ ಬಿದ್ದರು. ಹೃದಯಾಘಾತ ಆಗಿ ಉಳಿದುಕೊಂಡಿದ್ದ, ಎಪ್ಪತ್ತು ದಾಟಿದ ಅಜ್ಜನೊಬ್ಬ ಅವರಿಗೆ ಜೊತೆ ಕೊಟ್ಟು ಕರೆತಂದ. ಆಗ ಬೌವರ್‌ಮನ್‌ಗೂ 51. ಊರಿಗೆ ಮರಳಿದ ಮೇಲೆ ಅವರು ತಮ್ಮಲ್ಲೂ ದೊಡ್ಡವರಿಗಾಗಿ ಜಾಗಿಂಗ್ ಶುರು ಮಾಡಿಸಿದರು. ಓಟವನ್ನೇ ಕಲಿಸುತ್ತಿದ್ದವರಿಗೂ ನಿಧಾನದ ಓಟವನ್ನು ಹೊಸದಾಗಿ ಕಲಿಯಬೇಕಾಯಿತು ಅನ್ನುವುದು ನನಗೆ ತುಂಬ ಧೈರ್ಯ ಕೊಟ್ಟಿತು.

ಇನ್ನೊಂದು ಮಾತು. ಶುರುವಿನಲ್ಲಿ ನಾನು ಓಡುವುದನ್ನು ನೋಡಿ ಪರಿಚಯದ ಒಬ್ಬರು ಗಾಬರಿಯಾಗಿ ನಿಲ್ಲಿಸಿದರು. "ಏನಾಯ್ತು, ಯಾಕೆ ಓಡ್ತಿದ್ದೀರಿ?" ಅಂತ ಕೇಳಿದರು. ಕಾಳಜಿಯಿಂದಲೇ ಕೇಳಿದ್ದು. ದೊಡ್ಡ ಹೆಂಗಸು ಓಡುತ್ತಿದ್ದರೆ ಏನೋ ಅನಾಹುತ ಆಗಿರಬೇಕು ಅಂತ ನಮಗೆಲ್ಲ ಅನ್ನಿಸಿಬಿಡುತ್ತದೆ. ಆಮೇಲೆ ಓದಿ ತಿಳಿದೆ, ಇದು ಹಳೆಯ ಕತೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಸಲ 800 ಮೀಟರ್ ಓಡಿದರು. ಗೆದ್ದ ಲೀನಾ ರಾಡ್ಕೆ ವಿಶ್ವದಾಖಲೆಯನ್ನೇ ಮಾಡಿದಳು. ಪತ್ರಿಕೆಗಳು ಬರೆದದ್ದು ಮಾತ್ರ ಹೆಂಗಸರು ಕುಸಿದು ಬಿದ್ದರು ಅಂತ. ಮತ್ತೆ ಒಲಿಂಪಿಕ್ಸ್‌ನಲ್ಲಿ ಆ ಓಟ ಹೆಂಗಸರಿಗೆ ಸಿಕ್ಕಿದ್ದು 1960ರಲ್ಲಿ. 1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥ್ರಿನ್ ಸ್ವಿಟ್ಜರ್ 261ನೇ ನಂಬರ್ ಕಟ್ಟಿಕೊಂಡು ಓಡುತ್ತಿದ್ದಾಗ, ಓಟದ ಅಧಿಕಾರಿಯೊಬ್ಬರು ಹಿಂದಿನಿಂದ ಬಂದು ನಂಬರ್ ಕಿತ್ತುಕೊಳ್ಳಲು ನೋಡಿದರು. ಅವಳು ನಿಲ್ಲಲಿಲ್ಲ, ಓಟ ಮುಗಿಸಿದಳು. ಬಾಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಆಗ ನಾನು ತೊಟ್ಟಿಲಲ್ಲಿದ್ದೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾಗಿದ್ದು 1984ರಲ್ಲಿ, ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ. ನಾನು ಬೆಳೆಯುವಾಗ ಓಡುವ ಹೆಂಗಸರನ್ನು ಯಾಕೆ ನೋಡಿರಲಿಲ್ಲ ಅಂತ ಈಗ ಅರ್ಥವಾಗುತ್ತದೆ. ಬೇರೆಯವರ ಚಪ್ಪಲಿ ಹಿಡಿದು ನಿಲ್ಲುವುದು ನನಗೆ ಅಷ್ಟು ಸಹಜವಾಗಿ ಬಂದದ್ದೂ ಅದಕ್ಕೇ ಇರಬೇಕು.

ನಿನಗೆ ಬೇಕಾದ ಕೆಲವು ಮಾತು ಬೇಗ ಹೇಳಿಬಿಡುತ್ತೇನೆ. ಶೂ ಕೊಳ್ಳಲು ಸಂಜೆ ಹೋಗು, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಎದೆಯನ್ನು ಅಲುಗದಂತೆ ಹಿಡಿಯುವ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಬೇಕೇ ಬೇಕು, ಅದರಲ್ಲಿ ಸಂಕೋಚ ಬೇಡ. ನಿನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಇಷ್ಟು ಬೇಗ ಏದುಸಿರು ಬರುವುದಕ್ಕೆ ಕಬ್ಬಿಣದ ಅಂಶ ಕಡಿಮೆಯಿರುವುದೂ ಕಾರಣ ಇರಬಹುದು. ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣದ ಅಳತೆ, ಕಡಿಮೆ ಇರಬಹುದು, ಅದನ್ನೂ ಕೇಳಿ ನೋಡಿಸು.

ಓಡಿದರೆ ಮಂಡಿ ಸವೆಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದ್ದರು. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡದ್ದು ನೂರಕ್ಕೆ 3.5 ಜನರಲ್ಲಿ. ಓಡದೆ ಕೂತೇ ಇರುವವರಲ್ಲಿ 10.2. ಮಂಡಿ ನೋವಿದ್ದವರು ಓಟದ ತಂಟೆಗೆ ಹೋಗದೇ ಇರುವುದೂ ಇದಕ್ಕೊಂದು ಕಾರಣ ಇರಬಹುದು, ಅದಕ್ಕೆ ಓಟವೇ ಮಂಡಿಯನ್ನು ಕಾಪಾಡುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಹೆದರಿಕೆ ಹೋಗಲು ಇಷ್ಟು ಸಾಕಾಯಿತು.

ಆ ಪಟ್ಟಿಯಲ್ಲಿ ಐದನೇ ವಾರದ ಮೂರನೇ ದಿನ ಅಂತ ಒಂದಿದೆ. ಅವತ್ತು ಮಧ್ಯೆ ನಡಿಗೆಯೇ ಇಲ್ಲ. ನಿಲ್ಲದೆ ಇಪ್ಪತ್ತು ನಿಮಿಷ ಓಟ. ಅದರ ಹಿಂದಿನ ಸಲ ಓಡಿರುವುದು ಎಂಟೆಂಟು ನಿಮಿಷ ಮಾತ್ರ. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹೊರಟೆ. ಹದಿಮೂರಾಯಿತು, ಹದಿನಾಲ್ಕಾಯಿತು, ಹತ್ತೊಂಬತ್ತರ ಮಗ್ಗಿಯಲ್ಲಿರುವಾಗ ಗಡಿಯಾರ ಕೂಗಿತು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಶೂ ಲೇಸಿಗೆ ಎರಡು ಗಂಟು ಹಾಕಿದ್ದೆ. ಬಿಚ್ಚಲು ಹೋದರೆ ಬೆರಳು ನಡುಗುತ್ತಿತ್ತು. ಸುಸ್ತಾಗಿರಲಿಲ್ಲ. ಗಂಟು ಬಿಚ್ಚದೆ ಸುಮ್ನೆ ಅದನ್ನೇ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಆವತ್ತೇ ನಿನಗೆ ಫೋನ್ ಮಾಡಿ "ನಾನು ಓಡ್ತಿದೀನಿ ಕಣೇ" ಅಂದದ್ದು. ನೀನು ಎಷ್ಟು ಜೋರಾಗಿ ಕೂಗಿದೆ ನೆನಪಿದೆಯಾ?

ಈಗ ನೋವು ಪೂರ್ತಿ ಹೋಗುವವರೆಗೆ ಓಡಬೇಡ. ಹೋದ ಮೇಲೆ ಮೊದಲನೇ ವಾರದ ಮೊದಲನೇ ದಿನದಿಂದ ಶುರು ಮಾಡು. ಆವತ್ತು ಬೆಳಗ್ಗೆ ಆರೂಕಾಲಿಗೆ ನನಗೆ ಫೋನ್ ಮಾಡು. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೋ, ಇನ್ನೊಂದು ಕಿವಿ ರಸ್ತೆಯ ಸದ್ದಿಗೆ ಇರಲಿ. ಅದೇ ಹೊತ್ತಿಗೆ ನಾನೂ ಇಲ್ಲಿ ಓಡುತ್ತಿರುತ್ತೇನೆ. ನೀನು ಓಡುವಾಗ ನಾನೂ ಓಡುತ್ತೇನೆ, ನೀನು ನಡೆಯುವಾಗ ನಾನೂ ನಡೆಯುತ್ತೇನೆ. ಮಗ್ಗಿ ನಾನು ಶುರು ಮಾಡುತ್ತೇನೆ, ನೀನು ಮುಂದುವರಿಸು. ನಿನ್ನ ಮಾತು ತುಂಡಾದರೆ ನನಗೆ ಇಲ್ಲೇ ಗೊತ್ತಾಗುತ್ತದೆ, ಆಗ ಇಬ್ಬರೂ ನಿಧಾನ ಮಾಡೋಣ.

ಹದಿಮೂರೆಂಟ್ಲ ಬಂದಾಗ ನೀನು ಚಿಕ್ಕವಳಿದ್ದಾಗಲೂ ನಿಂತುಬಿಡುತ್ತಿದ್ದೆ. ಅದೊಂದನ್ನು ನೋಡಿಕೊಂಡಿರು.

ನಿನ್ನ
ಅಮ್ಮ