ಎಲೆ ಎಣಿಸುತ್ತಾ ನಕ್ಕ ನಿನಗೆ

ಪ್ರಿಯ ಗೆಳೆಯ,

ಮಾವನವರ ತಿಥಿಯೂಟಕ್ಕೆ ಬಾಳೆ ಎಲೆ ಎಣಿಸುತ್ತಿದ್ದಾಗ ನಗು ತಡೆಯಲಾಗಲಿಲ್ಲ, ಆಮೇಲೆ ನಾಚಿಕೆಯಾಯಿತು ಎಂದು ಬರೆದಿದ್ದೆ. ಓದಿದ ಕೂಡಲೇ ಜಪಾನಿನ ಚಿತ್ರನಿರ್ದೇಶಕ ಜೂಝೊ ಇತಾಮಿ ನೆನಪಾದ. ತನ್ನ ಮಾವ ತೀರಿಕೊಂಡಾಗ ಮನೆಯಲ್ಲಿ ಕಂಡದ್ದನ್ನೇ ಅವನು 1984ರಲ್ಲಿ ‘ದಿ ಫ್ಯೂನರಲ್’ ಮಾಡಿದ. ಅಪ್ಪ ಮನ್ಸಾಕು ಇತಾಮಿ ಹೆಸರಾಂತ ನಿರ್ದೇಶಕ. ಮಗ ಮಾತ್ರ ನಟನೆ, ಪ್ರಬಂಧ ಎಂದು ಅಲೆದು ಈ ಚಿತ್ರಕ್ಕೆ ಕೈಹಾಕುವ ಹೊತ್ತಿಗೆ ಐವತ್ತು ದಾಟಿತ್ತು.

ಚಿತ್ರದ ಗಂಡ ಹೆಂಡತಿ ಇಬ್ಬರೂ ನಟರು, ಆದರೂ ಶೋಕದ ಪಾತ್ರ ಅವರಿಗೆ ಬಾಯಿಪಾಠವಾಗಿಲ್ಲ. ಬಂದವರ ಮುಂದೆ ಏನು ಹೇಳಬೇಕೆಂದು ವಿಡಿಯೊ ಕ್ಯಾಸೆಟ್ ಹಾಕಿಕೊಂಡು ಕಲಿಯುತ್ತಾರೆ! ಪುರೋಹಿತರು ರೋಲ್ಸ್ ರಾಯ್ಸ್ ಕಾರಿನಿಂದ ಇಳಿಯುತ್ತಾರೆ. ಮಂತ್ರ ಮುಗಿಯುವಷ್ಟರಲ್ಲಿ ಮಂಡಿಯೂರಿ ಕುಳಿತವರ ಕಾಲೆಲ್ಲ ಜೋಮು. ಇತಾಮಿ ಇವರನ್ನು ಗೇಲಿ ಮಾಡುವುದಿಲ್ಲ. ಗೊತ್ತಿಲ್ಲದ್ದನ್ನು ಗಂಭೀರವಾಗಿ ಕಲಿಯಹೊರಟವರ ಪೇಚಾಟವೇ ಅವನಿಗೆ ಸಾಕು.

ಅವನ ಮುಂದಿನ ಚಿತ್ರ ‘ಟ್ಯಾಂಪೊಪೊ’ದಲ್ಲಿ (1985) ಒಬ್ಬ ವಿಧವೆ ರಾಮೆನ್ ಎಂಬ ನೂಡಲ್ಸ್ ಸಾರು ಮಾಡಲು ಕಲಿಯುತ್ತಾಳೆ. ಅವಳ ಕಥೆಯ ನಡುವೆ ಸಂಬಂಧವೇ ಇಲ್ಲದ ತುಣುಕುಗಳು ನುಗ್ಗುತ್ತವೆ. ಒಂದರಲ್ಲಿ ಸಾಯುತ್ತಿರುವ ಹೆಂಡತಿಗೆ ಗಂಡ, ಏಳು, ಅಡುಗೆ ಮಾಡು ಎಂದು ಕೂಗುತ್ತಾನೆ. ಅವಳು ಎದ್ದು ಫ್ರೈಡ್ ರೈಸ್ ಮಾಡಿ ಬಡಿಸಿ, ಎಲ್ಲರೂ ಉಣ್ಣುವುದನ್ನು ನೋಡಿ, ನಕ್ಕು ಪ್ರಾಣ ಬಿಡುತ್ತಾಳೆ. ಅಮ್ಮ ಮಾಡಿದ ಕೊನೆಯ ಊಟ, ಆರುವ ಮೊದಲು ತಿನ್ನಿ ಎಂದು ಅಪ್ಪ ಮಕ್ಕಳ ಮೇಲೆ ರೇಗುತ್ತಾನೆ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಇಂದಿಗೂ ಹೇಳಲಾರೆ.

ಮೊದಲ ಚಿತ್ರದ ಗಳಿಕೆಯಲ್ಲಿ ತೆರಿಗೆಯವರು ದೊಡ್ಡ ಪಾಲನ್ನೇ ಕೊಂಡೊಯ್ದಾಗ, ಗೊಣಗುವ ಬದಲು ತೆರಿಗೆ ಅಧಿಕಾರಿಣಿಯನ್ನೇ ನಾಯಕಿ ಮಾಡಿ ‘ಎ ಟ್ಯಾಕ್ಸಿಂಗ್ ವುಮನ್’ (1987) ತೆಗೆದ. ಆ ಪಾತ್ರ ಅವನ ಹೆಂಡತಿ ನೊಬುಕೊ ಮಿಯಾಮೊಟೊಳದು. ಅವನ ಹತ್ತೂ ಚಿತ್ರಗಳಲ್ಲಿ ಅವಳಿದ್ದಾಳೆ. ‘ಎ ಟ್ಯಾಕ್ಸಿಂಗ್ ವುಮನ್’ನ ಎರಡನೆಯ ಭಾಗ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ.

1992ರ ‘ಮಿನ್ಬೊ’ದಲ್ಲಿ ಯಾಕುಝಾಗಳನ್ನು, ಅಂದರೆ ಜಪಾನಿನ ಭೂಗತ ಲೋಕದವರನ್ನು, ವೀರರಂತಲ್ಲ, ಕಾನೂನು ತಿಳಿದ ಒಬ್ಬ ವಕೀಲೆಯ ಮುಂದೆ ಬಾಲ ಮುದುರುವ ಪುಂಡರಂತೆ ತೋರಿಸಿದ. ಬಿಡುಗಡೆಯಾದ ವಾರದೊಳಗೆ ಯಾಕುಝಾಗಳು ಅವನ ಮನೆಯ ಬಳಿ ಕಾದಿದ್ದು ಮುಖವನ್ನು ಚಾಕುವಿನಿಂದ ಸೀಳಿದರು. ಆಮೇಲೆ ಪೊಲೀಸ್ ಕಾವಲು. ಆ ಕಾವಲಿನ ಅನುಭವವನ್ನೂ ಬಿಡದೆ 1997ರಲ್ಲಿ ಮತ್ತೊಂದು ಹಾಸ್ಯಚಿತ್ರ ಮಾಡಿದ. ಅದೇ ಕೊನೆಯದಾಯಿತು, ಆ ಡಿಸೆಂಬರಿನಲ್ಲಿ ತೀರಿಕೊಂಡ, 64ನೆಯ ವಯಸ್ಸಿನಲ್ಲಿ.

‘ದಿ ಫ್ಯೂನರಲ್’ ಅನ್ನು ನಿಮ್ಮ ಅತ್ತೆಯವರ ಜೊತೆಗೇ ಕುಳಿತು ನೋಡು. ಯಾರು ಮೊದಲು ನಕ್ಕರೆಂದು ಬರೆ.

ನಿನ್ನವನು