ಆರು ವಾರದ ಲೆಕ್ಕ

ಚಿ. ಸೌ. ಸುಮಿಗೆ ಅಪ್ಪನ ಆಶೀರ್ವಾದ.

ಐತವಾರ ಫೋನ್ ಕಟ್ ಆದ ಮ್ಯಾಲೆ ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ನಿಮ್ಮವ್ವ ಇಬ್ಬರ ಮ್ಯಾಲೂ ಸಿಟ್ಟಾಗ್ಯಾಳ, ನನ್ನ ಮ್ಯಾಲೆ ಜಾಸ್ತಿ. ಫೋನಿನ್ಯಾಗ ಮಾತಾಡಿದ್ರ ನಾ ಮತ್ತ ದನಿ ಏರಸ್ತೀನಿ, ನೀ ಮತ್ತ "ಅಪ್ಪಾ ನಿನಗ ತಿಳಿಯಂಗಿಲ್ಲ" ಅಂತಿ, ಅದಕ್ಕ ಟೈಪ್ ಮಾಡಾಕತ್ತೀನಿ. ಮಧ್ಯಾಹ್ನ ಅಂಗಡ್ಯಾಗ ಗಿರಾಕಿ ಇಲ್ಲ, ಹೋಳಿ ಹತ್ತರ ಬಂದೈತಿ, ಹೊರಗ ಹುಡುಗ್ರು ಹಲಗಿ ಕಾಸಿ ಕಾಸಿ ಬಡಿಯಾಕತ್ತಾರ, ಆ ಸಪ್ಪಳದಾಗ ಏನ್ ಬರೀತೀನೋ. ತಪ್ಪಿದ್ರ ಹೊಂದಿಸ್ಕೊಂಡ ಓದು.

"ನಿಮ್ಮವ್ವನ ಮೊಣಕಾಲಿಗಿಂತ ಆ ಸ್ವೀಡನ್ ನಾಗರಿಕತ್ವದ ಕಾಗದ ದೊಡ್ಡದಾತೇನು" ಅಂದಿದ್ದು ಸಿಟ್ಟಿನ್ಯಾಗ ಬಂದ ಮಾತು, ಮನಸಿಗೆ ಹಚ್ಕೋಬ್ಯಾಡ. ಆದ್ರ ನನ್ನ ಜಾಗಾದಾಗ ನಿಂತ ನೋಡು. ಬೆಳಗಾವಿ ಡಾಕ್ಟರ್ ಎರಡೂ ಮೊಣಕಾಲು ಬದಲಿ ಮಾಡಬೇಕು, ಮೂರು ತಿಂಗಳು ಮನ್ಯಾಗ ಒಬ್ಬರು ಬೇಕ ಬೇಕು ಅಂದಾರ, ನಾ "ಸುಮಿ ಬರ್ತಾಳ, ಇಲ್ಲಿಂದನ ಲ್ಯಾಪ್‌ಟಾಪ್ ಮ್ಯಾಲೆ ಕೆಲಸ ಮಾಡ್ತಾಳ" ಅಂತ ಓಣಿಗೆಲ್ಲಾ ಹೇಳ್ಕೊಂಡ ಬಂದೀನಿ, ನೀ ನೋಡಿದ್ರ "ಆರು ವಾರಕ್ಕಿಂತ ಒಂದು ದಿನಾನೂ ಹೆಚ್ಚ ಇರಾಕ ಆಗಂಗಿಲ್ಲ" ಅಂತಿ. ಹೆತ್ತವ್ವನ ಹತ್ತರ ಕುಂಡ್ರಾಕ ಆರು ವಾರ ಅಂತ ಲೆಕ್ಕ ಹಾಕಿಕೊಟ್ಟವರು ಯಾರು ಅಂತ ತಲಿ ತಿರಗಿತು.

ಆಮ್ಯಾಲೆ ಅಳ್ಯಾರು ಫೋನ್ ಮಾಡಿ ಸಮಾಧಾನದಿಂದ ತಿಳಿಸಿ ಹೇಳಿದ್ರು. ಸ್ವೀಡನ್ನಿನ್ಯಾಗ ಇಷ್ಟ ದಿನಾ ಐದು ವರ್ಷ ಇದ್ರ ನಾಗರಿಕತ್ವಕ್ಕ ಅರ್ಜಿ ಹಾಕಬಹುದಿತ್ತು, ಅದನ್ನ ಎಂಟು ಮಾಡ್ತಾರಂತ, ಜೂನ್ 6, 2026ರಿಂದ ಜಾರಿಗೆ ತರಬೇಕಂತ ಅಲ್ಲಿ ಸರ್ಕಾರದ ಲೆಕ್ಕಾಚಾರ, ಅದರ ಮ್ಯಾಲೆ ಭಾಷೆದ್ದೊಂದು ಪರೀಕ್ಷೆ, ಆ ದೇಶ ಹೆಂಗ ನಡೀತೈತಿ ಅನ್ನೋದರ ಮ್ಯಾಲೊಂದು ಪರೀಕ್ಷೆ, ಗಳಿಕಿ ಇಷ್ಟ ಇರಬೇಕಂತ ಒಂದು ರೂಲು. ಹೊಸಾಗಿ ಅರ್ಜಿ ಹಾಕೋರಿಗೆ ಇದು ಅಂದ್ರ ಏನೋ ಒಂದು ಅನ್ನಬಹುದಿತ್ತು. ಆದ್ರ ಆಗಲೇ ಅರ್ಜಿ ಹಾಕಿ ಪಾಳಿ ಹಚ್ಚಿದವರದೂ ಆ ತಾರೀಖಿನೊಳಗ ಮುಗೀಲಿಲ್ಲಾ ಅಂದ್ರ ಅವರಿಗೂ ಹೊಸಾ ರೂಲ್ಸನ ಅಂತ, ಇದ್ಯಾವ ನ್ಯಾಯ. ಅಲ್ಲೂ ಸೆಪ್ಟೆಂಬರಿನ್ಯಾಗ ಎಲೆಕ್ಷನ್ ಐತಂತಲ್ಲ, ಎಲೆಕ್ಷನ್ ಬಂತಂದ್ರ ಹೊರಗಿನವರ ಮ್ಯಾಲೆ ಬಿಗಿ ಮಾಡಿ ತೋರಸೋದು ಎಲ್ಲಾ ಕಡೆ ನಡೀತೈತಿ, ಅದಕ್ಕ ಸ್ವೀಡನ್ ಆದ್ರೇನು. ಆರು ವಾರದ್ದು ಮಾತ್ರ ಹೊಸಾದಲ್ಲಂತ, ಮೊದ್ಲಿಂದನ ಐತಂತ, ವರ್ಷದಾಗ ಅದಕ್ಕಿಂತ ಹೆಚ್ಚ ಹೊರಗಿದ್ರ ಅಷ್ಟ ದಿನಾ ಕಳೀತಾರಂತ.

ಇನ್ನೊಂದೂ ಅಂದ್ರು. ಅರ್ಜಿ ಹಾಕಿ ಆರು ತಿಂಗಳಾದ ಮ್ಯಾಲೆ "ನನ್ನದೊಂದು ತೀರ್ಮಾನ ಮಾಡ್ರಿ" ಅಂತ ಬರದು ಕೇಳೋ ಹಕ್ಕ ಐತಂತ, ನಾಲ್ಕು ವಾರದಾಗ ತೀರ್ಮಾನ ಆದ್ರೂ ಕೊಡಬೇಕು, ಇಲ್ಲಾ ಈಗ ಆಗಂಗಿಲ್ಲ ಅಂತಾದ್ರೂ ಹೇಳಬೇಕಂತ. ನಿನಗ ಆಗಂಗಿಲ್ಲ ಅಂತ ಬಂತಂತ, ಅದೂ ದೀಪಾವಳಿ ಮುಂದ. ಯಾಕ ಹೇಳಲಿಲ್ಲ ಯವ್ವಾ? ಅವತ್ತ ವಿಡಿಯೋ ಕಾಲಿನ್ಯಾಗ ಕರ್ಚಿಕಾಯಿ ತೋರಸಿಕೋತ ನಗಾಕತ್ತಿದ್ದಿ.

ಆಲಮಟ್ಟಿ ಡ್ಯಾಮಿನ ಮುಳುಗಡೆ ಮನಿಯವರಿಗೆ ಈ ಕಾಯೋದನ್ನ ಬಿಡಿಸಿ ಹೇಳೋದ ಬ್ಯಾಡ. ನೀ ಬಾಗಲಕೋಟಿ ನವನಗರದ ಸೆಕ್ಟರಿನ್ಯಾಗ ಬೆಳದಾಕಿ, ಹಳೇ ಊರಿನ ಮನಿ ನಿನಗ ನೆನಪಿರಾಕ ಸಾಧ್ಯ ಇಲ್ಲ. ವಲ್ಲಭಭಾಯಿ ಚೌಕದಿಂದ ಹೊಳಿ ಕಡೆ ಇಳದ್ರ ನಮ್ಮ ಮನಿ, ಮುಂದ ಅಂಗಡಿ ಹಿಂದ ಸಂಸಾರ, ಮಣ್ಣಿನ ಮ್ಯಾಳಗಿ, ಗುಳೇದಗುಡ್ಡದ ಖಣದ ಗಂಟು ಪಡಸಾಲ್ಯಾಗನ ಇರ್ತಿದ್ದು. ಡ್ಯಾಮಿಗೆ ಶಾಸ್ತ್ರಿಯವರು ಅಡಿಗಲ್ಲ ಹಾಕಿದ್ದು 1964ರಾಗ, ಆವಾಗ ನಾ ಕೂಸು, ಬುದ್ಧಿ ಬಂದಾಗಿನಿಂದ "ಊರು ಮುಳಗತೈತಿ" ಅನ್ನೋದನ್ನ ಕೇಳ್ಕೋತನ ದೊಡ್ಡಾವ ಆದೆ. ಅದು ಮುಳಗೋದ್ರಾಗ ನನ್ನ ಮದುವಿ ಆಗಿ ನೀ ಹುಟ್ಟಿದ್ದಿ.

ಒಂದಿನಾ ಮೂರು ಕಾಲಿನ ದುರ್ಬೀನು ತಂದ ಬೀದ್ಯಾಗ ಇಟ್ರು, ಒಬ್ಬಾವ ಉದ್ದಂದು ಪಟ್ಟಿ ಹಿಡಕೊಂಡ ನಮ್ಮ ಕಟ್ಟಿ ಮ್ಯಾಲೆ ನಿಂತ, ಅಳತಿ ಆತು, ಬಾಗಲ ಬಾಜೂ ಗ್ವಾಡಿಗೆ ಕೆಂಪ ಬಣ್ಣದಾಗ ಒಂದು ನಂಬರ್ ಬರದು ಹೋದ್ರು. ನೀರು ಏರೋ ಎತ್ತರದ ಲೆಕ್ಕದಾಗ 521 ಮೀಟರಿನೊಳಗ ಬಂದವರು ಮೊದ್ಲ ಖಾಲಿ ಮಾಡಬೇಕು, 523ರ ಒಳಗಿನವರು ಆಮ್ಯಾಲೆ. ನಾವು ಯಾವುದರಾಗ ಅಂತ ಕೇಳಿದ್ರ ಒಬ್ಬೊಬ್ಬ ಸಾಹೇಬ ಒಂದೊಂದು ಹೇಳತಿದ್ದ. ನಮ್ಮವ್ವ ದೀಪಾವಳಿಗೆ ಗ್ವಾಡಿಗೆಲ್ಲಾ ಸುಣ್ಣಾ ಬಳದು ಆ ನಂಬರಿನ ಸುತ್ತ ಒಂದು ಗೇಣು ಹಂಗ ಬಿಡತಿದ್ಲು, ಅಳಿಸಿದ್ರ ಪರಿಹಾರ ಸಿಗಂಗಿಲ್ಲಂತ ಯಾರೋ ಹೇಳಿದ್ರು. ವರ್ಷಾ ವರ್ಷಾ ಸುಣ್ಣಾ ದಪ್ಪ ಆಕ್ಕೋತ ಹೋತು, ಆ ನಂಬರ್ ಮಾತ್ರ ಕುಣಿಯೊಳಗ ಕುಂತಂಗ ಕಾಣತಿತ್ತು.

ಆ ನಂಬರ್ ಬರದ ದಿನದಿಂದ ನಿಮ್ಮಜ್ಜ ಮನಿಗೆ ಒಂದು ಪೈಸಾ ಹಾಕಲಿಲ್ಲ. ಮಳಿಗಾಲದ ಮುಂದ ಎಲ್ಲಾರೂ ಮ್ಯಾಳಗಿ ಮ್ಯಾಲೆ ಕರಲಮಣ್ಣ ಹಾಕಿ ಬಡೀತಾರ, ಹಾಕಲಿಲ್ಲಂದ್ರ ಸೋರತೈತಿ. ಅಜ್ಜ "ನೀರಾಗ ಹೋಗೋ ಮನಿಗೆ ಮಣ್ಣ ಯಾಕ, ಮುಂದಿನ ವರ್ಷ ನೋಟಿಸ್ ಬರತೈತಿ" ಅಂದ. ಮರುವರ್ಷನೂ ಅದನ್ನ ಅಂದ. ಅದರ ಮರುವರ್ಷನೂ. ರಾತ್ರಿ ಮಳಿ ಬಂದ್ರ ಕೊಡ, ಗಂಗಾಳ, ಹಿಂಡಾಲಿ ಬುಟ್ಟಿ ಎಲ್ಲಾ ಹಾಸಿಗಿ ಮ್ಯಾಲ ಇರ್ತಿದ್ದು, ನಾವು ಗ್ವಾಡಿಗೆ ಆನಿಕೊಂಡ ಕುಂತ ನಿದ್ದಿ ಮಾಡತಿದ್ವಿ, ಖಣದ ಗಂಟು ಈ ಮೂಲಿಯಿಂದ ಆ ಮೂಲಿಗೆ, ಅಲ್ಲೂ ತೊಟ್ಟ ತೊಟ್ಟ ಸೋರಾಕತ್ತಿದ್ರ ಮತ್ತ ಈ ಮೂಲಿಗೆ. ಒಂದು ಶ್ರಾವಣದಾಗ ಗಂಟು ಬಿಚ್ಚಿದ್ರ ಒಳಗ ಬೂಸರು ಹಿಡದಿತ್ತು, ಆ ವಾಸನಿ ಇನ್ನೂ ನನ್ನ ಮೂಗಿನ್ಯಾಗ ಐತಿ. ನಾನ ಮಣ್ಣ ತಂದ ಹಾಕ್ತೀನಿ ಅಂದ್ರ ಅಜ್ಜ ಬುಟ್ಟಿ ಕಸಗೊಂಡ. ಆಗತಿದ್ದ ಖರ್ಚು ಏನು ಮಹಾ, ಎರಡು ಗಾಡಿ ಮಣ್ಣ. ನಿಮ್ಮ ಅತ್ತಿ ಮದುವೀನೂ "ಹೊಸಾ ಮನಿಗೆ ಹೋದ ಮ್ಯಾಲೆ" ಅಂತ ಮುಂದ ಹಾಕಿದ್ರು, ಬಂದಿದ್ದ ಸಂಬಂಧ ಬಿಟ್ಟ ಹೋತು. ಇದನ್ನ ಅತ್ತಿ ಮುಂದ ತಗೀಬ್ಯಾಡ ಮತ್ತ. ಕಡೀಕ ಪರಿಹಾರ ಬಂತು, ಸೈಟೂ ಬಂತು, ಬರಲಿಲ್ಲಂತ ನಾ ಅನ್ನಂಗಿಲ್ಲ, ಸೋರಿದ ವರ್ಷಗಳದ್ದು ಮಾತ್ರ ಯಾವ ಫಾರಮಿನ್ಯಾಗೂ ಕಾಲಮ್ ಇರಲಿಲ್ಲ. ಅಜ್ಜನ ಮುಂದಿನ ಕಥಿ ನಿನಗ ಗೊತ್ತೈತಿ.

ಇನ್ನೂ ಮುಗದಿಲ್ಲ ನೋಡು. ಡ್ಯಾಮು 519.60 ಮೀಟರಿಗೆ ನಿಂತೈತಿ, 524.256ಕ್ಕ ಏರಸಬಹುದು ಅಂತ ಕೃಷ್ಣಾ ನೀರಿನ ಟ್ರಿಬ್ಯುನಲ್ 2010ರಾಗ ಹೇಳಿದ್ದು, ಇನ್ನೂ ಏರಿಲ್ಲ. ನಿಮ್ಮ ಕಾಕಾನ ಹೊಲ ಅದರಾಗ ಹೋಗೋದೈತಿ. 2025ರ ಸೆಪ್ಟೆಂಬರಿನ್ಯಾಗ ಕ್ಯಾಬಿನೆಟ್ಟು ನೀರಾವರಿ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಅಂತ ಠರಾವು ಮಾಡಿದಾಗಿಂದ ಕಾಕಾ ಕೆಟ್ಟ ಮೋಟಾರ್ ರಿಪೇರಿ ಮಾಡ್ಸಿಲ್ಲ, ಕಬ್ಬ ಒಣಗಾಕತ್ತೈತಿ. ಅಜ್ಜನ ಮಗಾ ಹೌದಲ್ಲ.

ಈಗ ನಿಂದು. ಮನಿ ತಗೊಳ್ರಿ ಅಂದ್ರ "ಪಾಸ್‌ಪೋರ್ಟ್ ಬರಲಿ ಅಪ್ಪಾ" ಅಂತಿ. ಕೆಲಸದಾಗ ಆ ಮ್ಯಾನೇಜರ್ ಜೋಡಿ ಆಗಿ ಬರವೊಲ್ದು, ಬ್ಯಾರೆ ಕಂಪನಿ ನೋಡು ಅಂದ್ರೂ ಪಾಸ್‌ಪೋರ್ಟ್ ಬರಲಿ. ಹುಡುಗನ ಜಾವಳಾನೂ ಪಾಸ್‌ಪೋರ್ಟ್ ಬಂದ ಮ್ಯಾಲೆ. ಜಾವಳಕ್ಕೂ ಸ್ವೀಡನ್ ಸರ್ಕಾರಕ್ಕೂ ಏನ್ ಸಂಬಂಧ ಹೇಳು? ಮೂರನೇ ವರ್ಷದಾಗ ಅದಾನ, ಅದು ದಾಟಿದ್ರ ಐದರಾಗನ ಮಾಡಬೇಕು, ಬನಶಂಕರಿಗೆ ಹೋಗಿ ಕೂದಲಾ ಕೊಟ್ಟ ಬರೋದು ಒಂದು ಮುಂಜಾನಿ ಕೆಲಸ. ಅದಿರಲಿ, ವಿಡಿಯೋದಾಗ ಅವನ ಕೂದಲಾ ನೋಡಿ ನಿಮ್ಮವ್ವ ಎರಡು ಜಡಿ ಹಾಕಬಹುದು ಅಂತಾಳ.

ನೀ ಯಾಕ ಹೆದರತಿ ಅನ್ನೋದು ತಿಳಿಯಂಗಿಲ್ಲಂತಲ್ಲ. ಕಾಯಂ ಇರಾಕ ಪರ್ಮಿಟ್ ಆಗೇತಿ, ಯಾರೂ ನಾಳೆ ಬಂದು ಓಡಸಂಗಿಲ್ಲ ಅಂತ ನಾನೂ ಐತವಾರ ಅಂದೆ. ಆದ್ರ ವರ್ಕ್ ಪರ್ಮಿಟ್ ಮ್ಯಾಲೆ ಇದ್ದಾಗ ಕೆಲಸ ಹೋಗಿ ಮೂರು ತಿಂಗಳದಾಗ ಇನ್ನೊಂದು ಹುಡುಕ್ಕೊಳ್ಳಲಿಲ್ಲಂದ್ರ ಎದ್ದ ಹೋಗಬೇಕು ಅಂತ ನೀ ರಾತ್ರಿಯೆಲ್ಲಾ ಫೋನ್ ಮಾಡಿದ ದಿನಾ ನನಗೂ ನೆನಪೈತಿ. ಹಂಗ ಒಂದ್ಸಲ ಹೆದರಿದಾಕಿಗೆ ರೂಲು ಬದಲಾಗತೈತಿ ಅಂದ್ರ ಹೊಟ್ಟ್ಯಾಗ ಕಲಸತೈತಿ.

ಹಂಗಂತ ಕಾಗದ ಪತ್ರದ ಕಡೆ ದುರ್ಲಕ್ಷ್ಯ ಮಾಡು ಅಂತ ನಾ ಹೇಳಾಕತ್ತಿಲ್ಲ. ಒಂದು ಫೈಲ್ ಮಾಡು. ಹೋದ ಬಂದ ತಾರೀಖು, ಟಿಕೆಟ್, ಪಗಾರ ಚೀಟಿ, ಟ್ಯಾಕ್ಸ್ ತುಂಬಿದ್ದು, ಮನಿ ಬಾಡಿಗಿ ಅಗ್ರಿಮೆಂಟ್ ಎಲ್ಲಾ ವರ್ಷದ ಪ್ರಕಾರ ಇಡು, ಮೊಬೈಲ್‌ನ್ಯಾಗ ಐತಿ ಅಂತ ಬಿಡಬ್ಯಾಡ, ಪ್ರಿಂಟ್ ತಗದಿಡು. ನಡತಿನೂ ನೋಡ್ತಾರಂತ, ಅದನ್ನೂ ಬಿಗಿ ಮಾಡ್ತಾರಂತ, ಬಿಲ್ ಬಾಕಿ ಇಡಬ್ಯಾಡ, ಗಾಡಿ ಜೋರ ಹೊಡೀಬ್ಯಾಡ, ಅಳ್ಯಾರಿಗೂ ಹೇಳು ಅಂದ್ರ ನಾ ಹೇಳೀನಿ ಅಂತ ಹೇಳಬ್ಯಾಡ. ಪರೀಕ್ಷೆ ಇಟ್ರ ಇಡಲಿ ಬಿಡು. ನಿನಗ್ಯಾಕ ಪರೀಕ್ಷೆ ಅಂಜಿಕಿ? ಹುಡುಗನ ಸಾಲಿ ಟೀಚರ್ ಜೋಡಿ ನೀ ಅವರ ಭಾಷೆದಾಗ ಫಟಾಫಟ್ ಮಾತಾಡಿದ್ದನ್ನ ಆ ವಿಡಿಯೋದಾಗ ಕೇಳಿ ನಾ ಒಂದು ಮಾತೂ ತಿಳೀದನ ಅಂಗಡಿಗೆ ಬಂದವರಿಗೆಲ್ಲಾ ಕೇಳಿಸೀನಿ. ಒಬ್ಬ ಗಿರಾಕಿ ಖಣ ತಗೋಳ್ಳದನ ಹೋದ, ಹೋಗಲಿ.

ಒಂದು ಮಾತು ಐತವಾರ ಬಾಯಿಗೆ ಬಂದು ನುಂಗಿದೆ. ಆ ದೇಶದವರು ಎರಡೂ ಪಾಸ್‌ಪೋರ್ಟ್ ಇಟ್ಕೋ ಅಂತಾರ, ನಮ್ಮ ಕಾಯ್ದೆ ಬಿಡಂಗಿಲ್ಲ. 1955ರ ಪೌರತ್ವ ಕಾಯ್ದೆದಾಗ 9ನೇ ಕಲಮು ಐತಿ, ಬ್ಯಾರೆ ದೇಶದ್ದು ತಗೊಂಡ ಗಳಿಗೆ ಇಲ್ಲಿದ್ದು ಹೋಗತೈತಿ. ಓಸಿಐ ಕಾರ್ಡ್, ಅಂದ್ರ ಪರದೇಶದ ನಾಗರಿಕರಾದ ಭಾರತ ಮೂಲದವರಿಗೆ ಕೊಡೋ ಕಾರ್ಡ್, ಮಾಡಿಸಿದ್ರ ಬರಾಕ ಹೋಗಾಕ ತೊಂದರಿ ಇಲ್ಲ, ಆದ್ರ ವೋಟಿಲ್ಲ, ಹೊಲಾ ಖರೀದಿ ಮಾಡಂಗಿಲ್ಲ, ಹಿರೇರಿಂದ ಬಂದ ಹೊಲ ಮಾತ್ರ ಇರತೈತಿ. ವಕೀಲರನ್ನ ಕೇಳ್ಕೊಂಡ ಬಂದೆ, ನಿಮ್ಮವ್ವಗ ಹೇಳಿಲ್ಲ. ನಿನಗ ಅದು ಬೇಗ ಸಿಗಲಿ ಅಂತ ಬನಶಂಕರಿಗೆ ಹರಕಿ ಹೊರತೀನಿ, ಸಿಕ್ಕ ದಿನಾ ನಮ್ಮ ಮನಿ ರೇಶನ್ ಕಾರ್ಡಿನ ಹುಡುಗಿ ಪರದೇಶದಾಕಿ ಆಗ್ತಾಳ ಅಂತ ಹೊಟ್ಟಿ ಉರೀತೈತಿ. ಎರಡೂ ಖರೇ. ಹರಕಿ ಅಂತೂ ವಾಪಸ್ ತಗೋಳ್ಳಂಗಿಲ್ಲ.

ಆರು ವಾರ ಅಂದ್ರ ಆರು ವಾರ ಬಾ. ಮೊದ್ಲನೇ ಆರು ವಾರನ ಗಟ್ಟಿ ಕಷ್ಟದ್ದು, ಆಮ್ಯಾಲೆ ಜಮಖಂಡಿ ಚಿಗವ್ವ ಬಂದಿರ್ತೀನಿ ಅಂದಾಳ, ಆಕಿ ಬಂದ್ರ ನನ್ನ ಚಾಕ್ಕ ಸಕ್ರಿ ಬಂದ್ ಆಗತೈತಿ, ಇರಲಿ. ಆಪರೇಷನ್ ಆದ ಮರುದಿನಾ ನೀ ಇಲ್ಲಿ ಇರಬೇಕು, ಮೊದ್ಲ ಬಂದು ದಿನಾ ಕೆಡಿಸಬ್ಯಾಡ. ಬೆಂಗಳೂರಿಂದ ಬೆಳಗಾವಿ ಸಾಂಬ್ರಾಕ್ಕ ವಿಮಾನ ಐತಿ, ಹುಡುಗನ್ನ ಕರಕೊಂಡ ರಾತ್ರಿ ಬಸ್ಸಿಗೆ ಬರಬ್ಯಾಡ. ಜಾವಳದ್ದು ನಾ ಪೂಜಾರಿಗೆ ಹೇಳತೀನಿ. ಹೋಗೋ ದಿನಾ ಬರೋ ದಿನಾ ಎರಡೂ ಹೊರಗಿನ ಲೆಕ್ಕಕ್ಕ ಹಿಡೀತಾರೋ ಹೆಂಗ ಅಂತ ಅಳ್ಯಾರನ್ನ ಕೇಳಿ ಇವತ್ತ ರಾತ್ರಿನ ತಿಳಸು, ಅದರ ಮ್ಯಾಲೆ ನಾಳೆ ಡಾಕ್ಟರ್ ಹತ್ತರ ತಾರೀಖ ತಗೋತೀನಿ.

ನಿಮ್ಮಪ್ಪ